ಮೇಣದಬತ್ತಿ ಬಾಬ್ತು

ಸ್ಟರ್ಲಿಂಗ್ ಕೋಟೆಯ ಖಜಾನೆಯಲ್ಲಿ
ಮೂವತ್ತೊಂದು ವರ್ಷ ಕಿರ್ದಿ ಬರೆದವನು ನಾನು.
ಪದ್ಯ ತಿಳಿಯದು.
ಆಸ್ಥಾನಕವಿ ವಾಲ್ಡೀವ್ ನನಗೆ ಗೊತ್ತಿದ್ದುದು ಹೀಗೆ:
ಸಂತ ಮಾರ್ಟಿನನ ಹಬ್ಬಕ್ಕೆ ಅರ್ಧ ಪೀಪಾಯಿ ಮೀನು,
ಕ್ರಿಸ್ಮಸ್ಸಿಗೆ ನೀಲಿ ಉಣ್ಣೆಬಟ್ಟೆ ಆರು ಮೊಳ,
ಒಂದು ವರ್ಷ ಚಪ್ಪಲಿ, ಬಲಗಾಲಿನದು ಮಾತ್ರ;
ಎಡಗಾಲಿನದು ಇನ್ನೂ ಗಟ್ಟಿಯಿದೆ ಎಂದಿದ್ದ.

ನಮ್ಮ ಕಡೆ ಕವಿಗೆ ಕಟ್ಟುವವ ಎಂದು ಹೆಸರು.
ಗೋಡೆ ಕಟ್ಟುವವನಿಗೆ ಕೂಲಿ ಹೆಚ್ಚು.
ಅರಸನ ಗಿಡುಗ ತಿಂಗಳಿಗೆ ತಿನ್ನುತ್ತಿದ್ದ ಕೋಳಿ
ಇವನ ವರ್ಷದ ಸಂಬಳ.
ಗಿಡುಗ ಸತ್ತಾಗ ಚರಮಗೀತೆ ಹೇಳಿಸಿದರು.
ಅರಸ ಅತ್ತನಂತೆ.
ಮರುದಿನ ನನ್ನ ಮೇಜಿಗೆ ಬಾಗಿ ಪಿಸುಗುಟ್ಟಿದ:
"ಆ ಕೋಳಿಗಳ ಬಾಬ್ತು ಈಗ ಖಾಲಿಯಲ್ಲವೇ?"

ನಕ್ಕೆ. ಕೊಡಲಿಲ್ಲ.

ಮೇಣದಬತ್ತಿ ಹಬ್ಬ ಕಳೆದ ವಾರ, ಮಸಿ ಹೆಪ್ಪುಗಟ್ಟುವ ಚಳಿ.
ದೌತಿಯನ್ನು ಕಂಕುಳಲ್ಲಿಟ್ಟು ಕಾಯಿಸುತ್ತ ಕೂತಿದ್ದೆ.
ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದ.
"ಎರಡು ಪೆನ್ನಿ ಖರ್ಚು ಬರೆದುಕೋ."
ಯಾವುದಕ್ಕೆ?
"ಒಂದು ಪದಕ್ಕೆ."

ಕೂರಸ್ ದಂಡೆಯಲ್ಲಿ, ಕಬ್ಬಿಣದ ಬಾಣಲೆಯಲ್ಲಿ
ಕಡಲನೀರು ಬತ್ತಿಸುತ್ತಾಳಂತೆ ಬೆಥಾಕ್ ಎಂಬವಳು.
ನೀರು ಇನ್ನೂ ನೀರೇ, ಉಪ್ಪು ಇನ್ನೂ ಉಪ್ಪಲ್ಲ,
ಮೇಲೊಂದು ತೆಳುಪೊರೆ ನಡುಗುತ್ತದಂತೆ
ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು.
ಅದಕ್ಕೆ ಅವಳ ಬಾಯಲ್ಲಿ ಹೆಸರಿದೆ.
ಲ್ಯಾಟಿನ್ನಿನಲ್ಲಿಲ್ಲ, ಫ್ರೆಂಚಿನಲ್ಲಿಲ್ಲ.
"ಕದಿಯಬಹುದಿತ್ತು," ಎಂದ ವಾಲ್ಡೀವ್, ಕೆಸರು ಕೆರೆಯುತ್ತ,
"ಯಾರಿಗೂ ತಿಳಿಯುತ್ತಿರಲಿಲ್ಲ.
ಆದರೆ ಕದ್ದ ಪದ ಸಾಲಿನಲ್ಲಿ ನೆಟ್ಟಗೆ ಕೂರುವುದಿಲ್ಲ,
ಬಾಗಿಲ ಕಡೆಗೇ ನೋಡುತ್ತಿರುತ್ತದೆ."

ಕಿರ್ದಿಯಲ್ಲಿ ಪದಕ್ಕೆ ಬಾಬ್ತಿಲ್ಲ.
ಮೇಣದಬತ್ತಿ ಎಂದು ಬರೆದೆ.

ಆಮೇಲೆ ಗಡಿಯ ಕಾಳಗ.
ಹೋದವರಲ್ಲಿ ಅರಸನ ತಮ್ಮನೂ ಒಬ್ಬ.
ಶೋಕಕಾವ್ಯಕ್ಕೆ ಹತ್ತು ಪೌಂಡ್ ಗೊತ್ತುಮಾಡಿದರು;
ಪದ್ಯದ ಮುಂದೆ ಅಷ್ಟು ದೊಡ್ಡ ಅಂಕಿ ನಾನು ಬರೆದಿರಲಿಲ್ಲ.
ಹಿಂದಿನ ರಾತ್ರಿ ಬಂದು ಕದ ತಟ್ಟಿದ.
"ಸಂಬಳ ಈಸಿಕೊಳ್ಳಲು ಬಾರದವರ ಪಟ್ಟಿ ಕೊಡು."
ಕೊಡಬಾರದಿತ್ತು. ಕೊಟ್ಟೆ.

ಸಭೆಯಲ್ಲಿ ಅದನ್ನೇ ಓದಿದ.
ಪ್ರಾಸವಿಲ್ಲ, ಉಪಮೆಯಿಲ್ಲ,
ತಂತಿ ಮೀಟಲು ಹೊರಟವನನ್ನು ಕೈಸನ್ನೆಯಲ್ಲಿ ತಡೆದ.
ಕುದುರೆಗೆ ನೀರು ಹೊತ್ತ ಫಿನ್ಲೇ, ಬಾಕಿ ನಾಲ್ಕು ಪೆನ್ನಿ.
ಬಿಲ್ಲಿನ ಹೆದೆಗೆ ಮೇಣ ಹಚ್ಚುತ್ತಿದ್ದ ಹಚನ್, ಬಾಕಿ ಏಳು.
ಅಡುಗೆಮನೆಯ ಡುಗಾಲ್ಡ್, ವಯಸ್ಸು ಹನ್ನೆರಡು,
ಬಾಕಿ ಒಂದು ಜೊತೆ ಕಾಲುಚೀಲ.
ಅರಸನ ತಮ್ಮ ಬಂದದ್ದು ಮೂವತ್ತೇಳನೆಯವನಾಗಿ.
ಬಾಕಿ: ಏನೂ ಇಲ್ಲ.

ನನ್ನದೇ ಅಕ್ಷರ, ನನ್ನದೇ ಅಂಕಿ.
ಇಷ್ಟು ವರ್ಷ ಏನು ಬರೆಯುತ್ತಿದ್ದೆ ಎಂದು
ಅವತ್ತು ಕಿವಿಗೆ ಬಿತ್ತು.

"ಅರಸನ ಉಪ್ಪು ತಿಂದವನು ಹೀಗೆ ಮಾಡುವುದೇ?"
ಚಾನ್ಸಲರ್ ಎದ್ದು ನಿಂತ.
ವಾಲ್ಡೀವ್ ಹೆದರಿದ್ದ. ಕೈಯಲ್ಲಿನ ಹಾಳೆ ಅದುರುತ್ತಿತ್ತು.
"ಉಪ್ಪು ಬೆಥಾಕಳದು, ಸ್ವಾಮಿ," ಎಂದ.

ಆ ಕ್ರಿಸ್ಮಸ್ಸಿಗೆ ನೀಲಿ ಬಟ್ಟೆ ಹೊಡೆದುಹಾಕಿದರು. ಮೀನೂ.
ಮುಂದಿನ ಎಂಟು ವರ್ಷ ನಮ್ಮ ಕೋಟೆಯಲ್ಲಿ
ಮೇಣದಬತ್ತಿ ಸ್ವಲ್ಪ ಹೆಚ್ಚೇ ಉರಿಯಿತು.
ಯಾರೂ ಎಣಿಸಲಿಲ್ಲ.

ಅವನು ತೀರಿಕೊಂಡ ಮೇಲೆ ಪೆಟ್ಟಿಗೆ ನನ್ನ ಪಾಲಿಗೆ ಬಂತು.
ಬೆರಳಿಟ್ಟು ಎಲ್ಲ ಓದಿದೆ, ಪದ್ಯ ತಿಳಿಯದವನು.
ಕಡಲಿದೆ, ಹೊಗೆಯಿದೆ, ಬಾಣಲೆಯಿದೆ;
ಆ ಪದ ಎಲ್ಲೂ ಇಲ್ಲ.
ಒಂದು ಹಾಳೆಯಲ್ಲಿ ಸಾಲಿನ ನಡುವೆ ಜಾಗ ಬಿಟ್ಟಿದ್ದ,
ಎರಡು ಬೆರಳಗಲ.

ಈಸ್ಟರ್ ಕಳೆದು ಕೂರಸ್ಸಿಗೆ ನಡೆದುಹೋದೆ.
ಬೆಥಾಕ್ ಮುದುಕಿ, ಹೊಗೆಗೆ ಕಣ್ಣು ಹೋಗಿತ್ತು,
ಬಾಣಲೆಗೆ ಕಿವಿ ಕೊಟ್ಟು ಉಪ್ಪು ಕಾಯುತ್ತಿದ್ದಳು.
ಆ ಪದ ಯಾವುದು ಎಂದೆ.
ಕೈ ಚಾಚಿದಳು.
"ಎರಡು ಪೆನ್ನಿ."

ಕೊಟ್ಟೆ, ಸ್ವಂತದ್ದು.
ಯಾವ ಬಾಬ್ತಿಗೂ ಬರೆದಿಲ್ಲ.